ಎರಡು ಸುತ್ತು ಹೋದ ತಿರುಪು

ನಮ್ಮ ಅತ್ತಿಗೆಯವರ ಹೊಲಿಗೆಯಂತ್ರವು ಮುಷ್ಕರ ಹೂಡಿದ್ದು ಗೌರಿಹಬ್ಬಕ್ಕೆ ಇನ್ನು ಹನ್ನೊಂದೇ ದಿನಗಳು ಉಳಿದಿರುವಾಗ. ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವನ್ನು ಅದರ ಕಂಬಿಗೆ ಬಿಗಿಯುವ ತಿರುಪೊಂದು ಉಂಟಷ್ಟೆ. ಕಡಲೆಕಾಳಿನಷ್ಟು ತಲೆ, ಬೆಂಕಿಕಡ್ಡಿಗಿಂತ ದಪ್ಪ, ಪೆನ್ಸಿಲಿಗಿಂತ ಸಣ್ಣದಾದ ಮೈ. ಅದು ಎಲ್ಲಿಯೋ ಬಿದ್ದು ಕಳೆದುಹೋಯಿತು. ಮನೆಯನ್ನೆಲ್ಲ ಗುಡಿಸಿ, ಕಸವನ್ನು ಮೊರದಲ್ಲಿ ಕೇರಿ ನೋಡಿದರೂ ಸಿಕ್ಕಲಿಲ್ಲ.

ಆ ಯಂತ್ರದ ವಿಷಯವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕಾಗಿದೆ. ನಮ್ಮಣ್ಣ ತೀರಿಕೊಂಡಾಗ ಮಕ್ಕಳಿಬ್ಬರೂ ಇನ್ನೂ ಶಾಲೆಯಲ್ಲಿದ್ದರು. ಅವರ ಓದು, ಮನೆಯ ಬಾಡಿಗೆ, ಮಗಳ ಮದುವೆಯ ಅರ್ಧ ಖರ್ಚು, ಎಲ್ಲವೂ ಆ ಕಾಲುಯಂತ್ರದ ಮೆಟ್ಟಿಲ ಮೇಲಿನಿಂದಲೇ ಬಂದವು. ಈಗ ಮಗ ಚೆನ್ನಾಗಿ ಸಂಪಾದಿಸುತ್ತಾನೆ. ವಿದ್ಯುತ್ತಿನ ಹೊಸ ಯಂತ್ರವನ್ನು ತರುತ್ತೇನೆಂದು ವರ್ಷಕ್ಕೊಮ್ಮೆ ಹೇಳುತ್ತಾನೆ, ವರ್ಷಕ್ಕೊಮ್ಮೆ ಬೈಸಿಕೊಳ್ಳುತ್ತಾನೆ. ಎಪ್ಪತ್ತು ದಾಟಿದ ಅತ್ತಿಗೆಯವರು ಹಬ್ಬದ ಮುಂಚೆ ನೆರೆಹೊರೆಯವರ ಹತ್ತೋ ಹನ್ನೆರಡೋ ರವಿಕೆಗಳನ್ನು ಈಗಲೂ ತಪ್ಪದೆ ಹೊಲಿಯುತ್ತಾರೆ.

ತಿರುಪು ಕಳೆದ ದಿನವೇ ಬೀದಿಯಲ್ಲಿ ಹೋಗುತ್ತಿದ್ದ ರಿಪೇರಿಯವನೊಬ್ಬನನ್ನು ಕರೆದರಂತೆ. ಆತನು ತನ್ನ ಡಬ್ಬಿಯನ್ನು ನೆಲದ ಮೇಲೆ ಸುರುವಿ, ಕೈಗೆ ಸಿಕ್ಕಿದ ತಿರುಪುಗಳನ್ನು ಒಂದೊಂದಾಗಿ ಇಟ್ಟು ನೋಡಿದನು. ನಾಲ್ಕನೆಯದು ಬೆರಳಿನಲ್ಲಿಯೇ ಸಲೀಸಾಗಿ ಎರಡು ಸುತ್ತು ಹೋಯಿತು. "ಹಿಡಿಯಿತು ನೋಡಿ ಅಮ್ಮಾ" ಎಂದು ಆತ ಸಂತೋಷಪಟ್ಟನು. ಮೂರನೆಯ ಸುತ್ತಿಗೆ ಸ್ಕ್ರೂಡ್ರೈವರ್ ಬೇಕಾಯಿತು. ಐದನೆಯ ಸುತ್ತಿಗೆ ಇಕ್ಕಳ ಬೇಕಾಯಿತು. ಅಷ್ಟರಲ್ಲಿ ಪಾದವು ಬಿಗಿಯಾಯಿತು. ಆತ ದುಡ್ಡು ತೆಗೆದುಕೊಂಡು ಹೋದನು.

ಆ ಬಿಗಿ ಒಂದು ದಿನ ಬಂತು. ಮರುದಿನ ಒಂದು ತೋಳಿನ ಮಧ್ಯದಲ್ಲಿ ಪಾದವು ಸಡಿಲಿ ಓರೆಯಾಗಿ, ಸೂಜಿಯು ಅದಕ್ಕೆ ಬಡಿದು ಮುರಿದು, ಚೂರು ಅವರ ಕನ್ನಡಕದ ಗಾಜಿಗೆ ಹಾರಿತು. ಕನ್ನಡಕ ಇಲ್ಲದಿದ್ದರೆ ಏನಾಗುತ್ತಿತ್ತೆಂಬುದನ್ನು ನಾನು ಬರೆಯಲಾರೆ. ಆಮೇಲೆ ಅಂಗಡಿಗೆ ಹೋಗಿ, ಹೊಲಿಗೆಯಂತ್ರದ್ದೇ ಆದ ಸರಿಯಾದ ತಿರುಪನ್ನು ತಂದು ಹಾಕಿದರೆ, ಅದು ಆರು ತಿಂಗಳ ಮಗುವಿನಿಂದ ಹಿಡಿದು ಏಳು ವರ್ಷದ ಹುಡುಗನವರೆಗೆ ಯಾರ ಬಾಯಲ್ಲೂ ಇರಬಾರದ ಹಲ್ಲಿನಂತೆ ಅಲ್ಲಾಡತೊಡಗಿತು. ಕಂಬಿಯನ್ನೇ ಬದಲಾಯಿಸಬೇಕು, ಆದರೆ ಇಷ್ಟು ಹಳೆಯ ಮಾದರಿಯ ಕಂಬಿ ಈಗ ಬರುವುದಿಲ್ಲ ಎಂದು ಅಂಗಡಿಯವರು ಕೈಚೆಲ್ಲಿದರು.

ಅಂದು ಸಂಜೆ ದೂರವಾಣಿಯಲ್ಲಿ ಅತ್ತಿಗೆಯವರ ಧ್ವನಿ ಬಂತು: "ಏನಪ್ಪಾ, ಆ ಗ್ಯಾರೇಜಿನಲ್ಲಿ ಲೇತು ಇಟ್ಟುಕೊಂಡಿದ್ದೀಯಲ್ಲ, ಅದರಿಂದ ಏನಾದರೂ ಉಪಯೋಗವುಂಟೋ, ಬರೀ ಸದ್ದೋ?"

ಮರುದಿನ ಬೆಳಿಗ್ಗೆ ಕಂಬಿಯನ್ನೂ, ಅಂಗಡಿಯ ತಿರುಪನ್ನೂ, ರಿಪೇರಿಯವನ ತಿರುಪನ್ನೂ ಒಂದು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ.

ತಿರುಪಿನ ಮೈಮೇಲೆ ಬಳ್ಳಿಯಂತೆ ಸುತ್ತಿಕೊಂಡು ಹೋಗುವ ಏಣನ್ನು ಕಾರ್ಖಾನೆಯವರು ಥ್ರೆಡ್ ಎನ್ನುತ್ತಾರೆ. ನಾನು ಸುತ್ತು ಎಂದೇ ಬರೆಯುತ್ತೇನೆ. ಒಂದು ತಿರುಪನ್ನು ಗುರುತು ಹಿಡಿಯಲು ಮುಖ್ಯವಾಗಿ ಎರಡು ಅಳತೆಗಳು ಬೇಕು. ಒಂದು ಅದರ ದಪ್ಪ. ಇನ್ನೊಂದು ಒಂದು ಸುತ್ತಿನ ನೆತ್ತಿಯಿಂದ ಮುಂದಿನ ಸುತ್ತಿನ ನೆತ್ತಿಗೆ ಇರುವ ದೂರ, ಅಂದರೆ ಪಿಚ್. ದಪ್ಪವನ್ನು ಮೈಕ್ರೋಮೀಟರ್ ಹೇಳುತ್ತದೆ. ಪಿಚ್ಚನ್ನು ಹೇಳುವುದಕ್ಕೆ ಬಾಚಣಿಗೆಯ ಹಲ್ಲಿನಂಥ ತೆಳ್ಳನೆಯ ತಗಡುಗಳ ಒಂದು ಕಟ್ಟು ದೊರೆಯುತ್ತದೆ. ತಗಡನ್ನು ತಿರುಪಿನ ಮೇಲಿಟ್ಟು ಬೆಳಕಿಗೆ ಹಿಡಿದಾಗ ಹಲ್ಲುಗಳ ನಡುವೆ ಬೆಳಕು ಎಲ್ಲಿಯೂ ತೂರಿಬಾರದಿದ್ದರೆ ಅದೇ ಅಳತೆ.

ಅಂಗಡಿಯ ತಿರುಪು 3.57 ಮಿಲಿಮೀಟರ್ ದಪ್ಪ, ಎಂದರೆ ಅಂಗುಲದ 64 ಭಾಗಗಳಲ್ಲಿ 9 ಭಾಗ. ಅಂಗುಲಕ್ಕೆ 40 ಸುತ್ತುಗಳು, ಪಿಚ್ 0.635 ಮಿಲಿಮೀಟರ್. ಹೊಲಿಗೆಯಂತ್ರಗಳ ಲೋಕದಲ್ಲಿ ಇದು ಬಹು ಹಳೆಯ ಅಳತೆ. ಇಡೀ ದೇಶ ಮಿಲಿಮೀಟರಿಗೆ ಬಂದಮೇಲೂ ಹೊಲಿಗೆಯಂತ್ರದವರು ಅಂಗುಲದ ಈ ಚೂರುಗಳನ್ನು ಬಿಟ್ಟಿಲ್ಲ. ರಿಪೇರಿಯವನ ತಿರುಪು 3.6 ಮಿಲಿಮೀಟರ್ ದಪ್ಪ, ಪಿಚ್ 0.66. ಇದು ಹಳೆಯ ರೇಡಿಯೋ, ಮೀಟರು, ವಿದ್ಯುತ್ ಸಲಕರಣೆಗಳಲ್ಲಿ ಬರುತ್ತಿದ್ದ 4 ಬಿ.ಎ. ಎಂಬ ತಿರುಪು.

ಈಗ ಲೆಕ್ಕ ನೋಡಿ. ದಪ್ಪದಲ್ಲಿ ಇರುವ ವ್ಯತ್ಯಾಸ ಕೂದಲೆಳೆಗಿಂತ ಕಡಮೆ. ಪಿಚ್ಚಿನಲ್ಲಿ ಒಂದು ಸುತ್ತಿಗೆ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ 25. ಎರಡು ಸುತ್ತಿಗೆ 50, ಅಂದರೆ ಬರೆಯುವ ಕಾಗದದ ದಪ್ಪದಲ್ಲಿ ಅರ್ಧದಷ್ಟು. ಯಾವ ರಂಧ್ರದಲ್ಲಿಯೂ ಇಷ್ಟು ಸಡಿಲ ಇದ್ದೇ ಇರುತ್ತದೆಯಾದ್ದರಿಂದ ಮೊದಲ ಎರಡು ಸುತ್ತುಗಳು ಸುಖವಾಗಿ ಹೋದವು. ಎಂಟನೆಯ ಸುತ್ತಿಗೆ ಬರುವ ಹೊತ್ತಿಗೆ ತಪ್ಪು 0.2 ಮಿಲಿಮೀಟರಿಗೆ ಏರಿ, ಪಿಚ್ಚಿನ ಮೂರನೆಯ ಒಂದು ಭಾಗದಷ್ಟಾಗುತ್ತದೆ. ತಿರುಪಿನ ಏಣು ಇರಬೇಕಾದ ಕಣಿವೆಯಲ್ಲಿ ಇರದೆ ಪಕ್ಕದ ಗುಡ್ಡದ ಇಳಿಜಾರನ್ನು ಹತ್ತುತ್ತದೆ. ಆ ಮೇಲಿನ ಬಿಗಿಯು ಬಿಗಿಯಲ್ಲ; ಒಂದು ಲೋಹ ಇನ್ನೊಂದನ್ನು ಉಳುತ್ತಿರುವ ಸಂಕಟ. ಗಟ್ಟಿಯಾದ ತಿರುಪು ಮೆತ್ತಗಿನ ಕಂಬಿಯ ಸುತ್ತುಗಳನ್ನು ಒರಸಿಹಾಕಿತು.

ಇವಕ್ಕೆ ಇನ್ನೊಬ್ಬ ದಾಯಾದಿಯೂ ಉಂಟು: ಮಿಲಿಮೀಟರ್ ಮನೆತನದ 3.5ರ ತಿರುಪು. ಅದರ ಪಿಚ್ 0.6. ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಕಣ್ಣಿಗೆ ಒಡಹುಟ್ಟಿದವರು, ರಕ್ತಸಂಬಂಧ ಮಾತ್ರ ಕಿಂಚಿತ್ತೂ ಇಲ್ಲ. ಆ ರಿಪೇರಿಯವನ ಕೈಗೆ 4 ಮಿಲಿಮೀಟರಿನ ತಿರುಪು ಸಿಕ್ಕಿದ್ದರೆ ಅದು ರಂಧ್ರದ ಬಾಯಲ್ಲಿಯೇ ನಿಂತು, ಯಂತ್ರ ಉಳಿಯುತ್ತಿತ್ತು. ಸ್ಪಷ್ಟವಾಗಿ ಬೇರೆಯಾದದ್ದರಿಂದ ಹಾನಿ ಕಡಮೆ, ಹತ್ತಿರ ಹತ್ತಿರ ಹೋಲುವುದರಿಂದಲೇ ಹೆಚ್ಚು ಎಂಬುದು ಈ ಮೂವತ್ತು ವರ್ಷಗಳ ಹವ್ಯಾಸದಲ್ಲಿ ನನಗೆ ಮತ್ತೆ ಮತ್ತೆ ಆದ ಅನುಭವ.

ಇಷ್ಟು ಬಗೆಯ ತಿರುಪುಗಳು ಲೋಕದಲ್ಲಿ ಏಕಿರಬೇಕು ಎಂದು ಯಾರಾದರೂ ಕೇಳಬಹುದು. ಹಿಂದೆ ಇದಕ್ಕಿಂತಲೂ ಹೆಚ್ಚಿದ್ದವು. ಒಂದೊಂದು ಕಾರ್ಖಾನೆಯೂ ತನ್ನದೇ ಸುತ್ತನ್ನು ಕಡೆಯುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ ಎಂಬಾತನು ಬೇರೆ ಬೇರೆ ಕಾರ್ಖಾನೆಗಳ ತಿರುಪುಗಳನ್ನು ಕೂಡಿಸಿ, ಅವುಗಳ ಸರಾಸರಿಯನ್ನು ತೆಗೆದು, 1841ರಲ್ಲಿ ಎಲ್ಲರೂ ಅನುಸರಿಸಬಹುದಾದ ಒಂದು ಪಟ್ಟಿಯನ್ನು ಮುಂದಿಟ್ಟನು. ಅದರ ಏಣಿನ ಕೋನ 55 ಡಿಗ್ರಿ. ರೈಲುಗಾಡಿಗೂ ಸೇತುವೆಗೂ ಅದು ಸಾಕಾಯಿತು. ಗಡಿಯಾರದವರಿಗೂ ಸೂಕ್ಷ್ಮ ಉಪಕರಣಗಳವರಿಗೂ ಸಾಲದಾಯಿತು. ಜಿನೀವಾದ ಪ್ರಾಧ್ಯಾಪಕ ತ್ಯೂರಿ ಎಂಬಾತನು ಸ್ವಿಸ್ ಗಡಿಯಾರಗಳ ತಿರುಪುಗಳನ್ನು ಅಭ್ಯಾಸಮಾಡಿ ಸಣ್ಣ ತಿರುಪುಗಳಿಗಾಗಿ ಒಂದು ಕ್ರಮವನ್ನು ರಚಿಸಿದನು. 1884ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿದ್ವತ್ಸಭೆಯು ಅದನ್ನೇ ಆಧರಿಸಿ ತನ್ನ ಪಟ್ಟಿಯನ್ನು ಸಿದ್ಧಪಡಿಸಿತು. ಬಿ.ಎ. ಎಂಬ ಹೆಸರು ಬಂದುದು ಹೀಗೆ. ಪದವಿಗೂ ಅದಕ್ಕೂ ಸಂಬಂಧವಿಲ್ಲ.

ಆ ಪಟ್ಟಿಯಷ್ಟು ಸೊಗಸಾದ ಲೆಕ್ಕವನ್ನು ನಾನು ಯಂತ್ರಶಾಸ್ತ್ರದಲ್ಲಿ ಹೆಚ್ಚಾಗಿ ಕಂಡಿಲ್ಲ. ಸೊನ್ನೆಯ ನಂಬರಿನ ತಿರುಪಿನ ಪಿಚ್ ಸರಿಯಾಗಿ 1 ಮಿಲಿಮೀಟರ್, ದಪ್ಪ 6. ಮುಂದಿನ ನಂಬರಿನ ಪಿಚ್ ಹಿಂದಿನದರ ಹತ್ತರಲ್ಲಿ ಒಂಬತ್ತು ಭಾಗ. ಹೀಗೆ 0.9ನ್ನು ನಾಲ್ಕು ಸಲ ಗುಣಿಸಿದರೆ 0.656, ಅದೇ ನಮ್ಮ 4 ಬಿ.ಎ.ಯ 0.66. ಅಂಗುಲದ ನಾಡಿನಲ್ಲಿ ಮಿಲಿಮೀಟರಿನ ಲೆಕ್ಕದಿಂದ ಹುಟ್ಟಿದ ಕೂಸು ಅದು. ನಮ್ಮ ದೇಶವು 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಗೆ ಹೊರಳಿತು. ಈಗ ಅಂಗಡಿಯಲ್ಲಿ ಎಂ ಅಕ್ಷರದ ಹಿಂದೆ ದಪ್ಪವನ್ನು ಬರೆದ, 60 ಡಿಗ್ರಿ ಕೋನದ ತಿರುಪುಗಳದೇ ರಾಜ್ಯ. ಆದರೆ ರಿಪೇರಿಯವರ ಡಬ್ಬಿಗಳಲ್ಲಿ ಎಲ್ಲ ರಾಜವಂಶಗಳೂ ಒಟ್ಟಿಗೆ ವಾಸವಾಗಿವೆ.

ಅತ್ತಿಗೆಯವರ ಕಂಬಿಯ ಮಾತಿಗೆ ಬರೋಣ. ರಂಧ್ರದ ಹೊರಗಿನ ಐದು ಸುತ್ತುಗಳು ಕೆಟ್ಟಿದ್ದರೂ ಒಳಗಿನ ಮೂರು ನಾಲ್ಕು ಸುತ್ತುಗಳು ಭೂತಗನ್ನಡಿಯಲ್ಲಿ ಚೆನ್ನಾಗಿಯೇ ಕಂಡವು. ಹೀಗಾಗಿ ದಾರಿ ಒಂದೇ: ಅಂಗುಲಕ್ಕೆ 40ರ ಪಿಚ್ಚನ್ನು ಹಾಗೆಯೇ ಉಳಿಸಿಕೊಂಡು, ದಪ್ಪವನ್ನು ಮಾತ್ರ 3.57ರಿಂದ 3.7ಕ್ಕೆ ಏರಿಸಿ, ರಂಧ್ರದ ಸುತ್ತುಗಳನ್ನು ಮತ್ತೆ ಕಡೆದು, ಅದಕ್ಕೆ ಹೊಂದುವ ಹೊಸ ತಿರುಪನ್ನು ಮಾಡುವುದು. ಇಂಥ ಟ್ಯಾಪೂ ಇಂಥ ತಿರುಪೂ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ತಿರುಗಿದರೂ ಸಿಗತಕ್ಕವಲ್ಲ. ಎರಡನ್ನೂ ಲೇತಿನಲ್ಲಿಯೇ ಹುಟ್ಟಿಸಬೇಕು.

ಲೇತಿನಲ್ಲಿ ಸುತ್ತು ಕಡೆಯುವ ತತ್ತ್ವ ಸರಳ. ಸರಳು ಒಂದು ಸಲ ತಿರುಗುವಷ್ಟರಲ್ಲಿ ಉಳಿಯು ಒಂದು ಪಿಚ್ಚಿನಷ್ಟು ಮುಂದೆ ಸರಿದರೆ ಸುತ್ತು ಬಿದ್ದಂತೆ. ಉಳಿಯನ್ನು ಸರಿಸುವುದು ಲೇತಿನ ಉದ್ದಕ್ಕೂ ಇರುವ ಒಂದು ಮೂಲ ತಿರುಪು. ಅದನ್ನು ಸರಳಿನೊಡನೆ ಕೂಡಿಸುವುದು ಹಲ್ಲಿನ ಗಾಲಿಗಳು. ಈ ಮೂರನ್ನೂ ಒಂದು ಯಂತ್ರದಲ್ಲಿ ಗಟ್ಟಿಮುಟ್ಟಾಗಿ ಕೂಡಿಸಿ, ಗಾಲಿಗಳನ್ನು ಬದಲಾಯಿಸಿದರೆ ಬೇರೆ ಬೇರೆ ಪಿಚ್ ಬರುವಂತೆ ಮಾಡಿದ ಕೀರ್ತಿ 1800ರ ಆಸುಪಾಸಿನಲ್ಲಿ ಲಂಡನ್ನಿನ ಹೆನ್ರಿ ಮಾಡ್ಸ್‌ಲೆಗೆ ಸಲ್ಲುತ್ತದೆ. ಮೇಲೆ ಹೇಳಿದ ವಿಟ್ವರ್ತನು ಆತನ ಕಾರ್ಯಾಗಾರದಲ್ಲಿ ಕೆಲಸ ಮಾಡಿದವನೇ.

ನನ್ನ ಲೇತು ಹಳೆಯದು; ಅದರ ಮೂಲ ತಿರುಪಿಗೆ ಅಂಗುಲಕ್ಕೆ 8 ಸುತ್ತು. ನನಗೆ ಬೇಕಾದುದು 40. ಆದ್ದರಿಂದ ಸರಳು ಐದು ಸಲ ತಿರುಗಿದಾಗ ಮೂಲ ತಿರುಪು ಒಂದು ಸಲ ತಿರುಗಬೇಕು. 20 ಹಲ್ಲಿನ ಗಾಲಿಯಿಂದ 50 ಹಲ್ಲಿನದನ್ನು ತಿರುಗಿಸಿ, ಅದರೊಡನೆ ಕೂಡಿದ 30 ಹಲ್ಲಿನದರಿಂದ 60ನ್ನು ತಿರುಗಿಸಿದರೆ ಲೆಕ್ಕ ಸರಿಹೋಯಿತು. ಬೇಕಾದುದು ಮಿಲಿಮೀಟರಿನ ಪಿಚ್ ಆಗಿದ್ದರೆ ಇಷ್ಟು ಸುಲಭವಾಗುತ್ತಿರಲಿಲ್ಲ. ಅಂಗುಲವೆಂದರೆ ನಿಖರವಾಗಿ 25.4 ಮಿಲಿಮೀಟರ್ ಎಂದು 1959ರಲ್ಲಿ ಇಂಗ್ಲಿಷ್ ನಾಡುಗಳೆಲ್ಲ ಒಪ್ಪಿಕೊಂಡವು. 25.4ನ್ನು ಐದರಿಂದ ಗುಣಿಸಿದರೆ 127. ಅದು ಯಾವ ಸಣ್ಣ ಸಂಖ್ಯೆಯಿಂದಲೂ ಭಾಗವಾಗದು. ಆದಕಾರಣ ಅಂಗುಲದ ಲೇತಿನಲ್ಲಿ ಮಿಲಿಮೀಟರನ್ನು ನಿಖರವಾಗಿ ಕಡೆಯಬೇಕಾದರೆ 127 ಹಲ್ಲಿನ ದೊಡ್ಡ ಗಾಲಿಯೊಂದು ಬೇಕೇ ಬೇಕು. ನನ್ನ ಪೆಟ್ಟಿಗೆಯಲ್ಲಿ ಅದಿಲ್ಲ. ಈ ಸಲ ಹೊಲಿಗೆಯಂತ್ರದವರ ಹಳೆಯ ಹಟವೇ ನನ್ನನ್ನು ಕಾಪಾಡಿತು.

ಮೊದಲು ಟ್ಯಾಪ್. ಅದಕ್ಕೆ ಸಿಲ್ವರ್ ಸ್ಟೀಲಿನ 4 ಮಿಲಿಮೀಟರ್ ಸರಳನ್ನು ಆರಿಸಿದೆ. ಹೆಸರಿನಲ್ಲಿರುವ ಬೆಳ್ಳಿ ಅದರ ಹೊಳಪಿನಲ್ಲಿ ಮಾತ್ರ ಉಂಟು. ಒಳಗಿರುವುದು ನೂರಕ್ಕೆ ಸುಮಾರು ಒಂದರಷ್ಟು ಇಂಗಾಲ ಕೂಡಿದ ಉಕ್ಕು. ಕಾಯಿಸಿ ನೀರಿನಲ್ಲಿ ಅದ್ದಿದರೆ ಗಾಜಿನಂತೆ ಗಟ್ಟಿಯಾಗುವ ಗುಣ ಬರುವುದು ಆ ಇಂಗಾಲದಿಂದಲೇ. 60 ಡಿಗ್ರಿಗೆ ಮಸೆದ ಉಳಿಯನ್ನು ಸರಳಿನ ನಡುಮಟ್ಟಕ್ಕೆ ಸರಿಯಾಗಿ ನಿಲ್ಲಿಸಿ, ಮೊದಲ ಸಲ 0.08 ಮಿಲಿಮೀಟರ್ ಆಳ ಕೊಟ್ಟು, ಆಮೇಲೆ 0.05, ಕೊನೆಕೊನೆಗೆ 0.02ರಂತೆ ಇಳಿಸುತ್ತ ಹೋಗಬೇಕು. ಒಟ್ಟು ಆಳ 0.4ಕ್ಕಿಂತ ತುಸು ಹೆಚ್ಚು. ಇಷ್ಟು ಸಣ್ಣ ಕೆಲಸಕ್ಕೆ ಮೋಟಾರನ್ನು ಹಾಕತಕ್ಕದ್ದಲ್ಲ. ಲೇತಿನ ಹಿಂಬದಿಗೆ ಒಂದು ಹಿಡಿಕೆಯನ್ನು ಸಿಕ್ಕಿಸಿ, ಕಾಫಿಪುಡಿಯ ಗಿರಣಿಯನ್ನು ತಿರುಗಿಸುವ ಹಾಗೆ ಕೈಯಿಂದಲೇ ತಿರುಗಿಸಬೇಕು. ಸುತ್ತು ಮುಗಿಯಬೇಕಾದ ಜಾಗದಲ್ಲಿ ನಿಲ್ಲಿಸುವುದು, ಉಳಿಯನ್ನು ಹಿಂದಕ್ಕೆಳೆಯುವುದು, ಹಿಡಿಕೆಯನ್ನು ಹಿಂದುಮುಂದಾಗಿ ತಿರುಗಿಸಿ ಮೊದಲಿಗೆ ಬರುವುದು, ಮತ್ತೆ ಆಳ ಕೊಡುವುದು. ಈ ಹಿಡಿಕೆಯ ಉಪಾಯವನ್ನು ನನಗೆ ಹೇಳಿಕೊಟ್ಟವರು ಬೆಂಗಳೂರಿನ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆಯಿಂದ ನಿವೃತ್ತರಾದ ಮಿತ್ರರು. 1961ರಲ್ಲಿ ಆರಂಭವಾದ ಆ ಕಾರ್ಖಾನೆ ಈಗಿಲ್ಲ. ಅಲ್ಲಿ ಒಂದು ಮಿಲಿಮೀಟರಿಗಿಂತ ತೆಳ್ಳಗಿನ ತಿರುಪುಗಳೊಡನೆ ಬಾಳುವೆ ಮಾಡಿದ ಅವರಿಗೆ ನನ್ನ 3.7ರ ತಿರುಪು ಒನಕೆಯಂತೆ ಕಾಣುತ್ತದೆ.

ಆದರೂ ಮೊದಲನೆಯ ಟ್ಯಾಪ್ ಕೆಟ್ಟಿತು. ತಪ್ಪು ನನ್ನದೇ. ಉಳಿಗೆ ಎಡೆ ಬೇಕೆಂದು ಸರಳನ್ನು ಚಕ್ಕಿನಿಂದ 25 ಮಿಲಿಮೀಟರ್ ಹೊರಕ್ಕೆ ಬಿಟ್ಟಿದ್ದೆ. ಅಷ್ಟು ತೆಳ್ಳಗಿನ ಸರಳು ಉಳಿಯ ಒತ್ತಡಕ್ಕೆ ತುದಿಯಲ್ಲಿ ಬಾಗಿ ದೂರ ಸರಿಯುತ್ತದೆ. ಬುಡದಲ್ಲಿ ಸುತ್ತು ಆಳವಾಗಿ ಬೀಳುತ್ತದೆ, ತುದಿಯಲ್ಲಿ ಮೇಲುಮೇಲಕ್ಕೆ ಬೀಳುತ್ತದೆ. ಕಣ್ಣಿಗೆ ಏನೂ ತಿಳಿಯಲಿಲ್ಲ. ಒಂದು ಸಂಜೆಯ ಕೆಲಸ ಹಾಳಾಯಿತು. ಹಬ್ಬಕ್ಕೆ ಒಂಬತ್ತು ದಿನ ಉಳಿಯಿತು. ಎರಡನೆಯದಕ್ಕೆ 12 ಮಿಲಿಮೀಟರ್ ಮಾತ್ರ ಹೊರಗೆ ಬಿಟ್ಟು, ಕೊನೆಯಲ್ಲಿ ಆಳವನ್ನು ಹೆಚ್ಚಿಸದೆಯೇ ಎರಡು ಸಲ ಉಳಿಯನ್ನು ಓಡಿಸಿದೆ. ಬಾಗಿದ ಸರಳು ಚೇತರಿಸಿಕೊಂಡು ಉಳಿದ ಚೂರನ್ನು ಒಪ್ಪಿಸಿತು. ತೆಂಗಿನೆಣ್ಣೆಯನ್ನು ತೊಟ್ಟು ತೊಟ್ಟಾಗಿ ಬಿಡುತ್ತಿದ್ದುದರಿಂದ ಗ್ಯಾರೇಜಿನಲ್ಲಿ ಹಪ್ಪಳ ಕರಿದ ವಾಸನೆ ಬರುತ್ತಿತ್ತೆಂದು ಮನೆಯವರು ಆಕ್ಷೇಪಿಸಿದರು.

ಸುತ್ತು ಬಿದ್ದ ಸರಳಿನ ತುದಿಯನ್ನು ತುಸು ಓರೆಯಾಗಿ ಇಳಿಸಿ, ಉದ್ದಕ್ಕೂ ಮೂರು ಮುಖಗಳಲ್ಲಿ ಅರದಿಂದ ಚಪ್ಪಟೆಮಾಡಿದೆ. ಮುಖಗಳ ಅಂಚುಗಳೇ ಕತ್ತರಿಸುವ ಬಾಯಿಗಳಾಗುತ್ತವೆ. ಚಪ್ಪಟೆಯಾದ ಜಾಗ ಪುಡಿ ನಿಲ್ಲಲು ಎಡೆಯಾಗುತ್ತದೆ. ಆಮೇಲೆ ಸಣ್ಣ ಅನಿಲಜ್ವಾಲೆಯಲ್ಲಿ ಮಾಗಿದ ಚೆರ್ರಿಹಣ್ಣಿನ ಕೆಂಪು ಬರುವವರೆಗೆ ಕಾಯಿಸಿ, ಓರೆಯಾಗದಂತೆ ನೇರವಾಗಿ ನೀರಿಗೆ ಅದ್ದಿದೆ. ಹಳೆಯ ಅರವನ್ನು ಅದರ ಮೇಲೆ ಎಳೆದಾಗ ಕಚ್ಚದೆ ಜಾರಿದರೆ ಗಟ್ಟಿಯಾಯಿತೆಂದು ಅರ್ಥ. ಆದರೆ ಆ ಗಟ್ಟಿತನ ಹಾಗೆಯೇ ಬಿಟ್ಟರೆ ಕೈತಪ್ಪಿ ಬಿದ್ದರೂ ತುಂಡಾಗುವಂಥದು. ಮೈಯನ್ನು ಉಜ್ಜಿ ಹೊಳಪಿಸಿ, ಬುಡದಿಂದ ಮೆಲ್ಲಗೆ ಕಾಯಿಸಿದಾಗ ಹೊಳಪಿನ ಮೇಲೆ ಬಣ್ಣವೊಂದು ಹರಿದು ಬರುತ್ತದೆ. ತುದಿಗೆ ಒಣಹುಲ್ಲಿನ ಹಳದಿ ಮುಟ್ಟಿದ ಕ್ಷಣವೇ ಮತ್ತೆ ನೀರಿಗೆ. ಅದು ಸುಮಾರು 230 ಡಿಗ್ರಿ ಸೆಲ್ಸಿಯಸ್. ಒಂದು ಕ್ಷಣ ಕಳೆದರೆ ಕಂದು, ಇನ್ನೊಂದು ಕ್ಷಣಕ್ಕೆ ನೇರಳೆ, ಬಾಯಿ ಮೊಂಡಾಗುತ್ತದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಇದು. ಗಡಿಯಾರ ನೋಡಿ ಮಾಡುವುದಕ್ಕಾಗದು. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವುದನ್ನು ಕಾಯುವವರಂತೆ ಕಣ್ಣಿಟ್ಟು ನಿಲ್ಲಬೇಕು.

ಲೇತಿನ ಮಾತು ತೆಗೆದಾಗಲೆಲ್ಲ "ನಮ್ಮ ಮನೆಯಲ್ಲಿ ಲೇತು ಎಲ್ಲಿಂದ ಬರಬೇಕು?" ಎಂದು ಪತ್ರ ಬರೆಯುವ ವಾಚಕರಿದ್ದಾರೆ. ಅವರಿಗೆ ಅಂಗಡಿಯ ಟ್ಯಾಪುಗಳೇ ಸಾಕು. ಒಂದು ವಿಷಯ ಮಾತ್ರ ನೆನಪಿರಲಿ. ರಂಧ್ರದ ಅಳತೆಯು ತಿರುಪಿನ ದಪ್ಪದಿಂದ ಪಿಚ್ಚನ್ನು ಕಳೆದಷ್ಟು. 3 ಮಿಲಿಮೀಟರಿನ ತಿರುಪಿಗೆ ಪಿಚ್ 0.5, ಆದ್ದರಿಂದ ರಂಧ್ರ 2.5, 4ಕ್ಕೆ ಪಿಚ್ 0.7, ರಂಧ್ರ 3.3. ಗಟ್ಟಿ ಲೋಹದಲ್ಲಿ 3ರ ತಿರುಪಿಗೆ 2.6ರ ರಂಧ್ರ ಮಾಡಿದರೂ ಪಾಪವಿಲ್ಲ. ಪೂರ್ಣ ಆಳದ ಸುತ್ತು ಮುಕ್ಕಾಲು ಆಳದ ಸುತ್ತಿಗಿಂತ ಬಲದಲ್ಲಿ ನೂರಕ್ಕೆ ಐದರಷ್ಟು ಮಾತ್ರ ಹೆಚ್ಚು, ಅದನ್ನು ಕಡೆಯಲು ಬೇಕಾದ ಶಕ್ತಿಯೋ ಸುಮಾರು ಮೂರು ಪಟ್ಟು ಎಂದು ಯಂತ್ರಕೆಲಸದ ಕೈಪಿಡಿಗಳು ಹೇಳುತ್ತವೆ. ಸಣ್ಣ ಟ್ಯಾಪುಗಳು ಮುರಿಯುವುದು ಹೆಚ್ಚಾಗಿ ಈ ಅನಾವಶ್ಯಕ ಐದಕ್ಕಾಗಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ಬರುವಾಗ ಪುಡಿ ಮುರಿದು ಬೀಳುತ್ತದೆ. ಹಾಗೂ ಮುರಿದರೆ? ಹಿತ್ತಾಳೆಯಲ್ಲಿ ಮುರಿದಿದ್ದರೆ ಪಟಿಕದ ನೀರಿನಲ್ಲಿ ಹಾಕಿ ಬಿಸಿಯಾಗಿಟ್ಟರೆ ಉಕ್ಕಿನ ಚೂರು ನಿಧಾನವಾಗಿ ಕರಗಿಹೋಗುತ್ತದೆ, ಹಿತ್ತಾಳೆ ಉಳಿಯುತ್ತದೆ. ಇದು ಗಡಿಯಾರ ರಿಪೇರಿಯವರ ಹಳೆಯ ವಿದ್ಯೆ. ಉಕ್ಕಿನಲ್ಲಿಯೇ ಮುರಿದಿದ್ದರೆ ಆ ಔಷಧ ನಡೆಯದು.

ಅತ್ತಿಗೆಯವರ ಕಂಬಿ ಉಕ್ಕಿನದು. ಹಾಗಾಗಿ ಟ್ಯಾಪನ್ನು ಅದರೊಳಗೆ ಇಳಿಸುವಾಗ ನನ್ನ ಕೈ ನಡುಗಿತೆಂದು ಒಪ್ಪಿಕೊಳ್ಳಬೇಕು. ನನ್ನ ಟ್ಯಾಪ್ ಮುರಿದರೆ ಇನ್ನೊಂದನ್ನು ಮಾಡಬಹುದು. ಕಂಬಿಯನ್ನು ಯಾರೂ ಮಾಡಿಕೊಡಲಾರರು. ಕೆಟ್ಟ ಬಾಯಿಯ ಕಡೆಯಿಂದ ಹೊರಟರೆ ಟ್ಯಾಪು ರಿಪೇರಿಯವನ ದಾರಿಯನ್ನೇ ಹಿಡಿದೀತೆಂಬ ಭಯ. ರಂಧ್ರವು ಕಂಬಿಯ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ತೂತಾಗಿದ್ದುದರಿಂದ, ಹಿಂದಿನ ಕಡೆಯಿಂದ, ಒಳ್ಳೆಯ ಸುತ್ತುಗಳಿದ್ದ ಕಡೆಯಿಂದ ಹೊಕ್ಕೆ. ಸುತ್ತು ತಿರುಗುವ ದಿಕ್ಕು ಯಾವ ಕಡೆಯಿಂದ ಹೋದರೂ ಒಂದೇ. ಓರೆಯಾದ ತುದಿ ಹಳೆಯ ಸುತ್ತುಗಳನ್ನು ಹುಡುಕಿ ಹಿಡಿದುಕೊಂಡು, ಅವುಗಳ ಕೈಹಿಡಿದೇ ಕೆಟ್ಟ ಭಾಗಕ್ಕೆ ನಡೆಯಿತು. ಕಾಲು ಕಾಲು ಸುತ್ತಾಗಿ ಇಪ್ಪತ್ತು ನಿಮಿಷ ಹಿಡಿಯಿತು. ಹೊರಬಂದ ಪುಡಿಯಲ್ಲಿ ಮೊದಲು ಹೊಳೆಯುವ ಉಕ್ಕು, ಕೊನೆಗೆ ರಿಪೇರಿಯವನ ಇಕ್ಕಳ ಒರಸಿದ್ದ ಕಪ್ಪು ಚೂರುಗಳು.

ಆಮೇಲೆ ತಿರುಪನ್ನು ಮಾಡುವುದು ಮಕ್ಕಳಾಟವಾಯಿತು. ಅದೇ ಗಾಲಿಗಳು, ಅದೇ ಉಳಿ. 10 ಮಿಲಿಮೀಟರಿನ ಮೆತ್ತಗಿನ ಉಕ್ಕಿನ ಸರಳನ್ನು 3.68ಕ್ಕೆ ಇಳಿಸಿ ಸುತ್ತು ಹಾಕಿದೆ. ತಲೆಯ ಬುಡದಲ್ಲಿ ಉಳಿ ನಿಲ್ಲುವುದಕ್ಕೆ ಒಂದು ಸಣ್ಣ ಕಾಲುವೆ, ತಲೆಯ ಅಂಚಿಗೆ ಬೆರಳು ಜಾರದಂತೆ ಗೀರುಗಳು, ನೆತ್ತಿಯ ಮೇಲೆ ಸ್ಕ್ರೂಡ್ರೈವರಿಗೆ ಒಂದು ಸೀಳು. ಕಂಬಿಯೊಳಗೆ ಬೆರಳಿನಿಂದ ತಿರುಗಿಸಿದೆ: ಎರಡು ಸುತ್ತು, ನಾಲ್ಕು, ಎಂಟು, ಕೊನೆಯವರೆಗೂ ಒಂದೇ ಸಮನಾದ ಹಿಡಿತ. ನಿಮ್ಮ ಮನೆಗೆ ಯಾರಾದರೂ ಬಂದು ಯಾವ ಯಂತ್ರಕ್ಕಾದರೂ ಬದಲಿ ತಿರುಪು ಹಾಕುವಾಗ ನೋಡಬೇಕಾದುದು ಇದನ್ನೇ. ಮೊದಲ ಎರಡು ಸುತ್ತು ಏನನ್ನೂ ಹೇಳುವುದಿಲ್ಲ. ತಲೆ ಮುಟ್ಟುವವರೆಗೂ ಬೆರಳಿನಲ್ಲಿಯೇ ಹೋಗಬೇಕು. ನಡುವೆ ಇಕ್ಕಳ ಕೇಳಿದರೆ ಕೂಡಲೇ ಹಿಂದಕ್ಕೆ ತೆಗೆಸಿ.

ಹಬ್ಬಕ್ಕೆ ಏಳು ದಿನ ಇರುವಾಗ ಕಂಬಿಯನ್ನು ಯಂತ್ರಕ್ಕೆ ಕೂಡಿಸಿದೆವು. ಅತ್ತಿಗೆಯವರು ತಿರುಪನ್ನು ತಾವೇ ಬಿಗಿದರು. ಪಾದವನ್ನು ಹಿಡಿದು ಅಲ್ಲಾಡಿಸಿ ನೋಡಿದರು. ಒಂದು ಚೂರು ಬಟ್ಟೆಯ ಮೇಲೆ ಒಂದು ಗೆರೆ ಹೊಲಿದು, ಮಗುಚಿ, ಕೆಳಗಿನ ಹೊಲಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಶಹಭಾಸ್ ಎನ್ನುತ್ತಾರೇನೋ ಎಂದು ನಾನು ಕಾಯುತ್ತಿದ್ದೆ.

"ಇದೂ ಬಿದ್ದುಹೋದರೆ ಅಂಗಡಿಯಲ್ಲಿ ಸಿಗುತ್ತದೆಯೇನಪ್ಪಾ?" ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ವಿಟ್ವರ್ತನಿಂದ ಹಿಡಿದು ಎಷ್ಟು ಜನ ತಿರುಪುಗಳ ಬಗೆಗಳನ್ನು ಕಡಮೆಮಾಡಲು ಹೆಣಗಿದರೋ, ನಾನು ಗ್ಯಾರೇಜಿನಲ್ಲಿ ಕುಳಿತು ಲೋಕಕ್ಕೆ ಇನ್ನೊಂದು ಬಗೆಯನ್ನು ಸೇರಿಸಿದ್ದೆ. 3.68 ಮಿಲಿಮೀಟರ್ ದಪ್ಪ, ಅಂಗುಲಕ್ಕೆ 40: ಅಂಥ ತಿರುಪು ಭೂಮಂಡಲದಲ್ಲಿ ಅದೊಂದೇ. "ಸಿಗುವುದಿಲ್ಲ, ಅತ್ತಿಗೆ" ಎಂದೆ.

"ಹಾಗಾದರೆ ಇನ್ನೆರಡು ಮಾಡಿಕೊಡು."

ಗಾಲಿಗಳನ್ನು ಇನ್ನೂ ಬಿಚ್ಚಿರಲಿಲ್ಲವಾದ್ದರಿಂದ ಅಂದು ರಾತ್ರಿಯೇ ಎರಡು ಮಾಡಿದೆ. ಅವೆರಡೂ, ಜತೆಗೆ ಆ ಟ್ಯಾಪೂ, ಈಗ ಯಂತ್ರದ ಖಾನೆಯಲ್ಲಿರುವ ಗುಂಡಿಗಳ ಡಬ್ಬಿಯಲ್ಲಿವೆ. ಮುಂದೆ ಯಾರ ಕೈಗೆ ಸಿಕ್ಕರೂ ತಿಳಿಯಲೆಂದು, ಅಳತೆಗಳನ್ನು ಬರೆದ ಚೀಟಿಯೊಂದನ್ನು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಚೀಟಿಯ ಕೆಳಗೆ ಅತ್ತಿಗೆಯವರು ತಮ್ಮ ಅಕ್ಷರದಲ್ಲಿ "ಬೇರೆ ತಿರುಪು ಹಾಕಕೂಡದು" ಎಂದು ಸೇರಿಸಿದ್ದಾರೆ.